ಹಚ್ಚೆ ಅಳಿಸಿದರೆ ಗತಕಾಲ ಅಳಿಯುತ್ತದೆಯೇ? ಲೇಸರ್, ಕವರಪ್ ಮತ್ತು ಸರ್ಕಾರದ ಕಣ್ಣು

2025ರ ಮಾರ್ಚ್ 15ರಂದು ಅಮೆರಿಕ 238 ವೆನೆಜುವೆಲಾ ಪ್ರಜೆಗಳನ್ನು ವಿಮಾನ ಹತ್ತಿಸಿ ಎಲ್ ಸಾಲ್ವಡಾರ್ ದೇಶದ ‘ಸೆಕೊಟ್’ ಜೈಲಿಗೆ ಕಳಿಸಿತು. ಅವರು ‘ಟ್ರೆನ್ ದೆ ಅರಾಗ್ವಾ’ ಎಂಬ ಅಪರಾಧಿ ಗುಂಪಿನವರು ಎಂಬುದು ಆರೋಪ. ಆಧಾರವೇನು ಎಂದು ವಕೀಲರು ಕೇಳಿದಾಗ ಹಲವರ ವಿಷಯದಲ್ಲಿ ಬಂದ ಉತ್ತರ ಒಂದೇ: ಮೈಮೇಲಿನ ಹಚ್ಚೆ. ಒಬ್ಬನ ಮೈಮೇಲಿದ್ದ ಕಿರೀಟ ಅವನು ಮೆಚ್ಚಿದ ಸ್ಪೇನಿನ ಫುಟ್‌ಬಾಲ್ ಕ್ಲಬ್ಬಿನ ಲಾಂಛನವನ್ನು ನೋಡಿ ಹಾಕಿಸಿದ್ದು ಎಂದು ಅವನ ವಕೀಲರು ಹೇಳಿದರು. ಇನ್ನೊಬ್ಬನ ಎರಡು ಮಣಿಕಟ್ಟಿನ ಮೇಲೂ ಕಿರೀಟ, ಪಕ್ಕದಲ್ಲಿ ಅಪ್ಪ, ಅಮ್ಮ ಎಂಬ ಪದಗಳು.

ಮುಂದಿನ ತಿಂಗಳು ಅಮೆರಿಕದ ಅಧ್ಯಕ್ಷರೇ ಗಡೀಪಾರಾದ ಇನ್ನೊಬ್ಬ ವ್ಯಕ್ತಿಯ ಬೆರಳಗೆಣ್ಣುಗಳ ಫೋಟೊ ಹಿಡಿದು ನಿಂತರು. ಅದರಲ್ಲಿದ್ದದ್ದು ಗಾಂಜಾ ಎಲೆ, ನಗುಮುಖ, ಶಿಲುಬೆ, ತಲೆಬುರುಡೆ. ಅವುಗಳ ಮೇಲೆ ಒಂದು ಕುಖ್ಯಾತ ಗ್ಯಾಂಗಿನ ಹೆಸರಾದ ‘ಎಂಎಸ್ 13’ ಎಂಬ ಅಕ್ಷರ, ಅಂಕಿಗಳನ್ನು ಕಂಪ್ಯೂಟರಿನಲ್ಲಿ ಕೂರಿಸಲಾಗಿತ್ತು. ಅದು ವಿವರಣೆಯೋ ಹಚ್ಚೆಯ ಭಾಗವೋ ಎಂದು ಟಿವಿಯಲ್ಲಿ ದಿನಗಟ್ಟಲೆ ಜಗಳವಾಯಿತು.

ಸುದ್ದಿ ಓದಿದವರಿಗೆ ಬರುವ ಮೊದಲ ಪ್ರಶ್ನೆ ಸಹಜವಾದದ್ದೇ. ಹಚ್ಚೆ ಅಷ್ಟು ಅಪಾಯ ಎಂದಾದರೆ ಅಳಿಸಿಬಿಡಬಾರದೇ? ಅದೇ ಅಮೆರಿಕದಲ್ಲಿ ಗ್ಯಾಂಗ್ ಬಿಟ್ಟವರಿಗೆ ಪುಕ್ಕಟೆಯಾಗಿ ಹಚ್ಚೆ ತೆಗೆದುಕೊಡುವ ಸಂಸ್ಥೆಗಳಿವೆಯಲ್ಲ? ಇವೆ. ಆದರೆ ಚರ್ಮದಿಂದ ಶಾಯಿ ಹೋಗಲು ಬೇಕಾದ ಕಾಲಕ್ಕೂ ಒಬ್ಬ ಅಧಿಕಾರಿ ಅದನ್ನು ಓದಿ ತೀರ್ಮಾನಿಸಲು ತೆಗೆದುಕೊಳ್ಳುವ ಕಾಲಕ್ಕೂ ತಾಳೆಯೇ ಇಲ್ಲ. ಗೊಂದಲದ ಬೇರು ಅಲ್ಲಿದೆ.

ಅಂಕ ಹಾಕುವ ಹಾಳೆ

ಆ ವೆನೆಜುವೆಲಾದವರಲ್ಲಿ ಹೆಚ್ಚಿನವರನ್ನು ಕಳಿಸಲು ಬಳಸಿದ್ದು 1798ರ ಒಂದು ಯುದ್ಧಕಾಲದ ಕಾನೂನು. ಯಾರು ಗುಂಪಿನವರು ಎಂದು ಗುರುತಿಸಲು ಅಧಿಕಾರಿಗಳಿಗೆ ಕೊಟ್ಟಿದ್ದ ಅಂಕಪಟ್ಟಿ ನ್ಯಾಯಾಲಯದ ದಾಖಲೆಗಳ ಮೂಲಕ ಹೊರಬಂತು. ಗುಂಪಿಗೆ ನಿಷ್ಠೆ ತೋರುವ ಹಚ್ಚೆ ಇದ್ದರೆ 4 ಅಂಕ. ಅಂಥದೇ ಚಿಹ್ನೆ, ಲೋಗೊ ಅಥವಾ ಉಡುಪು ಇದ್ದರೆ ಮತ್ತೆ 4. ಒಟ್ಟು 8 ಆದರೆ ಸದಸ್ಯ ಎಂದು ಪರಿಗಣನೆ. 8 ಬಂದರೂ ಅಷ್ಟೂ ಅಂಕ ಚಿಹ್ನೆ ಮತ್ತು ಒಡನಾಟದಿಂದಲೇ ಬಂದಿದ್ದರೆ ಮೇಲಧಿಕಾರಿಯನ್ನು ಕೇಳಬೇಕು ಎಂಬ ಸೂಚನೆಯೂ ಅದರಲ್ಲಿತ್ತು. ಕೇಳಿದರೋ ಇಲ್ಲವೋ ಎಂಬುದು ಮುಂದಿನ ವ್ಯಾಜ್ಯದ ಮಾತಾಯಿತು.

ಈ ಅಂಕಪಟ್ಟಿಯ ದೊಡ್ಡ ತೊಡಕು ಬೇರೆ. ಟ್ರೆನ್ ದೆ ಅರಾಗ್ವಾವನ್ನು ವರ್ಷಗಟ್ಟಲೆ ಹಿಂಬಾಲಿಸಿ ಬರೆದ ವೆನೆಜುವೆಲಾದ ಪತ್ರಕರ್ತರು, ತಜ್ಞರು ಹೇಳುವ ಪ್ರಕಾರ ಆ ಗುಂಪಿಗೆ ತನ್ನದೇ ಆದ ಗುರುತಿನ ಹಚ್ಚೆ ಎಂಬುದೇ ಇಲ್ಲ. ಹಚ್ಚೆಯಿಂದ ಸದಸ್ಯರನ್ನು ಗುರುತಿಸುವ ಪದ್ಧತಿ ಬಂದದ್ದು ಇನ್ನೊಂದು ಗುಂಪಿನ ಅನುಭವದಿಂದ.

ಲಾಸ್ ಏಂಜಲೀಸಿನಿಂದ ಸಾನ್ ಸಾಲ್ವಡಾರ್‌ವರೆಗೆ

ಎಂಎಸ್-13 ಹುಟ್ಟಿದ್ದು ಎಲ್ ಸಾಲ್ವಡಾರ್‌ನಲ್ಲಿ ಅಲ್ಲ, 1980ರ ದಶಕದ ಲಾಸ್ ಏಂಜಲೀಸಿನಲ್ಲಿ. ಅಂತರ್ಯುದ್ಧದಿಂದ ಓಡಿಬಂದ ಕುಟುಂಬಗಳ ಹುಡುಗರು ಅಲ್ಲಿನ ಗ್ಯಾಂಗುಗಳ ನಡುವೆ ತಮ್ಮದೊಂದು ಕಟ್ಟಿಕೊಂಡರು. ಆ ಊರಿನ ರಿವಾಜಿನಂತೆ ಎದೆ, ಕುತ್ತಿಗೆ, ಮುಖದ ಮೇಲೆ ಗುಂಪಿನ ಅಕ್ಷರ ಬರೆಸಿಕೊಂಡರು. ಮುಖದ ಮೇಲೆ ಬರೆಸಿಕೊಂಡವನಿಗೆ ಹೊರಗೆ ಕೆಲಸ ಸಿಗದು, ಎದುರಾಳಿ ಗುಂಪೂ ಬಿಡದು. ಗುಂಪಿಗೆ ಬೇಕಾಗಿದ್ದದ್ದೂ ಅದೇ, ಹಿಂದಿರುಗುವ ಸೇತುವೆ ಸುಡುವುದು. 1990ರ ದಶಕದಲ್ಲಿ ಅಮೆರಿಕ ಇವರನ್ನು ಸಾಲುಸಾಲಾಗಿ ಗಡೀಪಾರು ಮಾಡಿತು. ಹಚ್ಚೆಯೂ ಜೊತೆಗೆ ಪ್ರಯಾಣ ಮಾಡಿತು.

2003ರಲ್ಲಿ ಎಲ್ ಸಾಲ್ವಡಾರ್ ‘ಮಾನೊ ದೂರಾ’, ಅಂದರೆ ಉಕ್ಕಿನ ಮುಷ್ಟಿ ಎಂಬ ನೀತಿ ತಂದಿತು. ಹಚ್ಚೆ ಕಂಡರೇ ಬಂಧಿಸಲು ಅವಕಾಶವಿದ್ದ ಆ ಕಾನೂನನ್ನು ಮರುವರ್ಷ ಅಲ್ಲಿನ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಅಷ್ಟರಲ್ಲಿ ಗ್ಯಾಂಗುಗಳು ಪಾಠ ಕಲಿತಿದ್ದವು: ಹೊಸಬರು ಕಾಣುವ ಜಾಗದಲ್ಲಿ ಹಚ್ಚೆ ಹಾಕಿಸಬಾರದು.

ಇದರ ಪರಿಣಾಮವನ್ನು ನಿಧಾನವಾಗಿ ಯೋಚಿಸಬೇಕು. ಪೊಲೀಸರು ಹಚ್ಚೆ ನೋಡುತ್ತಾರೆಂದು ಗೊತ್ತಾದ ಮೇಲೆ ಸಕ್ರಿಯ ಸದಸ್ಯರ ಮೈ ಖಾಲಿಯಾಗುತ್ತ ಹೋಯಿತು. ಮೈತುಂಬ ಹಚ್ಚೆ ಉಳಿದದ್ದು ಹಳಬರಲ್ಲಿ. ಅವರಲ್ಲಿ ಗುಂಪು ಬಿಟ್ಟು ಗ್ಯಾರೇಜು, ಬೇಕರಿ ಸೇರಿದವರೂ ಇದ್ದಾರೆ. ವರ್ಷ ಕಳೆದಂತೆ ಹಚ್ಚೆ ಹೆಚ್ಚು ಹೆಚ್ಚಾಗಿ ಹೇಳುವುದು ಈತ ಹಿಂದೆ ಯಾರಾಗಿದ್ದ ಎಂಬುದನ್ನೇ. 2022ರ ಮಾರ್ಚ್ 26ರಂದು ಒಂದೇ ದಿನ 62 ಕೊಲೆಗಳಾದ ಮೇಲೆ ಅಧ್ಯಕ್ಷ ನಾಯೀಬ್ ಬುಕೆಲೆ ತುರ್ತು ಸ್ಥಿತಿ ಹೇರಿದರು. ಆಮೇಲೆ ಬಂಧಿತರಾದವರು 80 ಸಾವಿರಕ್ಕೂ ಹೆಚ್ಚು. ಕೊಲೆಗಳು ಭಾರಿ ಇಳಿದದ್ದು ನಿಜ, ಜನ ಬುಕೆಲೆಯನ್ನು ಮೆಚ್ಚುವುದೂ ಅದಕ್ಕೇ. ಹಳೆಯ ಹಚ್ಚೆ ಹೊತ್ತವನು ಆ ಬಲೆಯಲ್ಲಿ ಮೊದಲು ಸಿಕ್ಕುವ ಮೀನು ಎಂಬುದೂ ಅಷ್ಟೇ ನಿಜ.

ಲಾಸ್ ಏಂಜಲೀಸ್ ಬೇರೆ ದಾರಿಯನ್ನೂ ಕಂಡಿತ್ತು. ಬಾಯ್ಲ್ ಹೈಟ್ಸ್ ಬಡಾವಣೆಯಲ್ಲಿ 1988ರಲ್ಲಿ ಜೆಸ್ಯುಟ್ ಪಾದ್ರಿ ಗ್ರೆಗ್ ಬಾಯ್ಲ್ ಆರಂಭಿಸಿದ ಕೆಲಸ ಇಂದು ಹೋಂಬಾಯ್ ಇಂಡಸ್ಟ್ರೀಸ್ ಆಗಿದೆ. ಬೇಕರಿಯಲ್ಲಿ ಕೆಲಸ, ವಕೀಲರ ನೆರವು, ಆಪ್ತಸಲಹೆಗಳ ಜೊತೆಗೆ ಸ್ವಯಂಸೇವಕ ವೈದ್ಯರಿಂದ ಉಚಿತ ಲೇಸರ್. ಹಚ್ಚೆ ತೆಗೆಯುವುದು ಅಲ್ಲಿ ಒಂದು ಕೋಣೆಯ ಕೆಲಸ ಅಷ್ಟೇ, ಉಳಿದ ಕೋಣೆಗಳಿಲ್ಲದೆ ಅದೊಂದೇ ನಿಲ್ಲದು.

ಶಾಯಿ ಯಾಕೆ ಜಪ್ಪಯ್ಯ ಎಂದರೂ ಹೋಗುವುದಿಲ್ಲ

ಸೂಜಿ ಶಾಯಿಯನ್ನು ಬಿಡುವುದು ಚರ್ಮದ ಒಳಪದರದಲ್ಲಿ, ಒಂದರಿಂದ ಎರಡು ಮಿಲಿಮೀಟರ್ ಆಳದಲ್ಲಿ. ಮೇಲ್ಪದರ ಉದುರುತ್ತ ಹೊಸದಾಗುತ್ತದೆ, ಒಳಪದರ ಹಾಗಲ್ಲ. ದೇಹ ಶಾಯಿಯ ಕಣಗಳನ್ನು ಹೊರಗಿನ ಕಸ ಎಂದೇ ಎಣಿಸುತ್ತದೆ. ಮ್ಯಾಕ್ರೊಫೇಜ್ ಎಂಬ ಕಾವಲು ಜೀವಕೋಶಗಳು ಬಂದು ನುಂಗುತ್ತವೆ. ಆದರೆ ಕಣ ದೊಡ್ಡದು, ಅರಗಿಸಲಾಗದು. ನುಂಗಿದ್ದನ್ನು ಬಾಯಲ್ಲಿಟ್ಟುಕೊಂಡೇ ಅವು ಅಲ್ಲೇ ಕೂರುತ್ತವೆ. ಫ್ರಾನ್ಸಿನ ಮಾರ್ಸೆಯ ವಿಜ್ಞಾನಿಗಳು 2018ರಲ್ಲಿ ಇಲಿಗಳ ಮೇಲೆ ತೋರಿಸಿದ ಸಂಗತಿ ಇನ್ನೂ ಸೋಜಿಗದ್ದು. ಆ ಜೀವಕೋಶ ಸತ್ತರೂ ಶಾಯಿ ಹೋಗದು, ಚೆಲ್ಲಿದ ಕಣಗಳನ್ನು ಹೊಸದಾಗಿ ಬಂದ ಜೀವಕೋಶ ನುಂಗಿ ಅದೇ ಜಾಗದಲ್ಲಿ ಕೂರುತ್ತದೆ. ಹಚ್ಚೆ ಉಳಿಯುವುದು ಈ ಕೈಬದಲಿನಿಂದ.

ಲೇಸರ್ ಶಾಯಿಯನ್ನು ಒರೆಸುವುದಿಲ್ಲ, ಒಡೆಯುತ್ತದೆ. ಶಾಯಿಯ ಬಣ್ಣ ಹೀರುವಂಥ ಬೆಳಕನ್ನು ಆರಿಸಿ, ಅದನ್ನು ಅತಿ ಚಿಕ್ಕ ಹೊಡೆತವಾಗಿ ಕೊಟ್ಟರೆ ಸುತ್ತಲ ಚರ್ಮ ಕಾಯುವ ಮೊದಲೇ ಕಣ ಸಿಡಿದು ಪುಡಿಯಾಗುತ್ತದೆ. ಹಳೆಯ ಕ್ಯೂ-ಸ್ವಿಚ್ ಯಂತ್ರಗಳ ಹೊಡೆತ 5ರಿಂದ 10 ನ್ಯಾನೊಸೆಕೆಂಡ್. ಒಂದು ನ್ಯಾನೊಸೆಕೆಂಡ್ ಎಂದರೆ ಸೆಕೆಂಡಿನ ನೂರು ಕೋಟಿಯ ಒಂದು ಪಾಲು. 2012ರಿಂದ ಬಂದ ಪಿಕೊ ಲೇಸರುಗಳ ಹೊಡೆತ ಅದಕ್ಕಿಂತ ಹತ್ತು ಪಟ್ಟಿಗೂ ಚಿಕ್ಕದು, ಪುಡಿ ಇನ್ನೂ ನುಣ್ಣಗೆ. ಪುಡಿಯನ್ನು ಹೊರಸಾಗಿಸುವ ಕೆಲಸ ಮಾತ್ರ ದೇಹದ್ದು, ಸ್ವಲ್ಪ ದುಗ್ಧರಸದ ನಾಳಗಳಲ್ಲಿ, ಸ್ವಲ್ಪ ಆ ಕಾವಲು ಕೋಶಗಳ ಹೊಟ್ಟೆಯಲ್ಲಿ. ಯಂತ್ರ ಎಷ್ಟು ದುಬಾರಿಯದಾದರೂ ಈ ಸಾಗಣೆಯನ್ನು ಅವಸರಪಡಿಸಲಾಗದು. ಎರಡು ಸಿಟ್ಟಿಂಗ್ ನಡುವೆ ಆರರಿಂದ ಎಂಟು ವಾರ, ಕಂದು ಮೈಬಣ್ಣಕ್ಕೆ ಎಂಟು ಅಥವಾ ಹೆಚ್ಚು ವಾರ ಬಿಡುವುದು ಇದಕ್ಕಾಗಿ.

ಬಣ್ಣಕ್ಕೆ ತಕ್ಕ ಬೆಳಕು ಬೇಕು. ಕಪ್ಪು ಮತ್ತು ಕಡುನೀಲಿಗೆ 1064 ನ್ಯಾನೊಮೀಟರ್ ತರಂಗಾಂತರದ ಬೆಳಕು. ಕೆಂಪಿಗೆ 532. ಹಸಿರಿಗೆ 755 ಅಥವಾ 694. ಎಲ್ಲ ಬಣ್ಣವನ್ನೂ ಒಂದೇ ಯಂತ್ರದಲ್ಲಿ ತೆಗೆಯುತ್ತೇವೆ ಎನ್ನುವ ಜಾಹೀರಾತು ಕಂಡರೆ ಯಾವ ತರಂಗಾಂತರ ಎಂದು ಕೇಳಿ. ಉತ್ತರ ಬರದಿದ್ದರೆ ಎದ್ದು ಬರುವುದು ಲೇಸು.

ಎಷ್ಟು ಸಲ? ಒಂದು ಲೆಕ್ಕ

ಅಂದಾಜಿಗೆ ಚರ್ಮತಜ್ಞರು ಬಳಸುವುದು 2009ರ ಕರ್ಬಿ–ದೇಸಾಯಿ ಮಾಪಕ. ಆರು ವಿಷಯಕ್ಕೆ ಅಂಕ ಕೂಡಿಸಿದರೆ ಬರುವ ಮೊತ್ತವೇ ಹೆಚ್ಚುಕಡಿಮೆ ಸಿಟ್ಟಿಂಗ್‌ಗಳ ಸಂಖ್ಯೆ. ಮೈಬಣ್ಣಕ್ಕೆ 1ರಿಂದ 6. ಜಾಗಕ್ಕೆ, ತಲೆ–ಕುತ್ತಿಗೆಯಾದರೆ 1, ಮುಂಗೈ, ಬೆರಳು, ಪಾದದ ಕಡೆಯಾದರೆ 5, ಏಕೆಂದರೆ ಹೃದಯದಿಂದ ದೂರ ಹೋದಷ್ಟೂ ರಕ್ತ, ದುಗ್ಧರಸದ ಓಡಾಟ ನಿಧಾನ. ಶಾಯಿಯ ಪ್ರಮಾಣಕ್ಕೆ 1ರಿಂದ 4. ಬಣ್ಣಗಳಿಗೆ 1ರಿಂದ 4. ಗಾಯದ ಗುರುತಿಗೆ 0ಯಿಂದ 5. ಹಚ್ಚೆಯ ಮೇಲೆ ಹಚ್ಚೆ ಇದ್ದರೆ ಮತ್ತೆ 2.

ಲಾಸ್ ಏಂಜಲೀಸಿನ ಒಬ್ಬ ಗೋಧಿ ಮೈಬಣ್ಣದ ಹುಡುಗನ ಬೆರಳಗೆಣ್ಣಿನ ಮೇಲೆ ಜೈಲಿನಲ್ಲಿ ಹಾಕಿಸಿದ ಕಪ್ಪು ಅಕ್ಷರ ಇದೆ ಎನ್ನಿ. ಮೈಬಣ್ಣ 4, ಬೆರಳು 5, ಕಡಿಮೆ ಶಾಯಿ 1, ಕಪ್ಪೊಂದೇ ಬಣ್ಣ 1. ಒಟ್ಟು 11. ನಡುವೆ ಎಂಟು ವಾರದಂತೆ ಹತ್ತು ಬಿಡುವು, 80 ವಾರ, ಒಂದೂವರೆ ವರ್ಷ. ಅವನೇ ಆ ಅಕ್ಷರವನ್ನು ಬಣ್ಣಬಣ್ಣದ ಚಿತ್ರದಿಂದ ಮುಚ್ಚಿಸಿ ಆಮೇಲೆ ಲೇಸರಿಗೆ ಬಂದರೆ? ಶಾಯಿ 4, ಬಣ್ಣ 4, ಎರಡು ಸಲ ಸೂಜಿ ತಿಂದ ಚರ್ಮದ ಗುರುತು 1, ಪದರಕ್ಕೆ 2. ಒಟ್ಟು 20, ಹತ್ತಿರಹತ್ತಿರ ಮೂರು ವರ್ಷ. ಗಿಟಾರ್ ತಂತಿ ಮತ್ತು ಮಸಿಯಿಂದ ಪುಡಿಗಾಸಿಗೆ ಹಾಕಿದ ಹಚ್ಚೆಗಿಂತ ಅದರ ಮೇಲೆ ಬಿದ್ದ ದುಬಾರಿ ಹೂವು ತೆಗೆಯುವುದೇ ಕಷ್ಟ. ಮುಚ್ಚಿಸುವ ಮೊದಲು ಇದನ್ನು ಯಾರೂ ಹೇಳಿರುವುದಿಲ್ಲ.

ಇಟಲಿಯಲ್ಲಿ 352 ಜನರ ಮೇಲೆ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 10 ಸಿಟ್ಟಿಂಗ್‌ಗೆ ಯಶಸ್ಸು ಕಂಡವರು ಸುಮಾರು 47 ಪ್ರತಿಶತ, 15ಕ್ಕೆ ಸುಮಾರು 75 ಪ್ರತಿಶತ. ಬೀಡಿ ಸಿಗರೇಟು ಸೇದುವವರಲ್ಲಿ ಹತ್ತು ಸಲಕ್ಕೆ ಯಶಸ್ಸು ಸಿಗುವ ಸಾಧ್ಯತೆ 70 ಪ್ರತಿಶತ ಕಡಿಮೆ. ಜೈಲಿನಿಂದ ಬಂದವರಿಗೆ ಲೇಸರ್ ಹೊಡೆಯುವ ಕೇಂದ್ರ ಸಿಗರೇಟು ಬಿಡಿಸುವ ಮಾತನ್ನೂ ಆಡಬೇಕಾದದ್ದು ಈ ಕಾರಣಕ್ಕೆ.

ಲೇಸರ್ ಕೋಣೆಯಲ್ಲಿ ಆಗುವುದೇನು

ಮೊದಲು ಎಲ್ಲರಿಗೂ ಕನ್ನಡಕ. 1064ರ ಬೆಳಕು ಕಣ್ಣಿಗೆ ಕಾಣದು, ಆದರೆ ಅಕ್ಷಿಪಟಲವನ್ನು ಸುಡಬಲ್ಲದು. ಹುಬ್ಬು, ರೆಪ್ಪೆಯ ಹತ್ತಿರದ ಹಚ್ಚೆಯಾದರೆ ರೆಪ್ಪೆಯೊಳಗೆ ಲೋಹದ ಬಿಲ್ಲೆ ಇಡಬೇಕು. ಮರಗಟ್ಟಿಸುವ ಕ್ರೀಮನ್ನು ಸುಮಾರು ಒಂದು ಗಂಟೆ ಮೊದಲು ಹಚ್ಚಿರುತ್ತಾರೆ. ಮೈತುಂಬ ಬಳಿಯುವಂತಿಲ್ಲ, ಹೆಚ್ಚಾದರೆ ಔಷಧ ರಕ್ತಕ್ಕೆ ಸೇರಿ ತೊಂದರೆಯಾಗುತ್ತದೆ. ತಣ್ಣನೆ ಗಾಳಿಯ ಕೊಳವೆ ಚರ್ಮದ ಮೇಲೆ ಊದುತ್ತಿರುತ್ತದೆ. ಆಮೇಲೆ ಚಟ್ ಚಟ್ ಎಂಬ ಸದ್ದು, ಬಿಗಿದ ರಬ್ಬರ್‌ಬ್ಯಾಂಡು ಹೊಡೆದಂಥ ಪೆಟ್ಟು, ಕೂದಲು ಸುಟ್ಟ ವಾಸನೆ. ಬೆಳಕು ಬಿದ್ದ ಕ್ಷಣ ಕಪ್ಪು ಅಕ್ಷರ ಬೆಳ್ಳಗಾಗುತ್ತದೆ. ಅಳಿಸಿಯೇ ಹೋಯಿತು ಎಂದು ಹಲವರು ಹಿಗ್ಗುವುದು ಆಗಲೇ. ಅದು ಒಳಗೆ ಎದ್ದ ಗಾಳಿಗುಳ್ಳೆಯ ಬಿಳುಪು, ಇಪ್ಪತ್ತು ನಿಮಿಷದಲ್ಲಿ ಇಳಿದು ಅಕ್ಷರ ಮತ್ತೆ ಮೂಡುತ್ತದೆ.

ಮನೆಗೆ ಹೋದ ಮೇಲೆ ವ್ಯಾಸಲೀನ್, ಅಂಟದ ಗಾಜ್. ಒಂದೆರಡು ದಿನದಲ್ಲಿ ಬೊಬ್ಬೆ ಏಳಬಹುದು, ಚುಚ್ಚಬಾರದು, ಹಕ್ಕಳೆ ಕೀಳಬಾರದು. ಬಿಸಿಲಿಗೆ ಕಪ್ಪಾದ ಚರ್ಮದ ಮೇಲೆ ಮುಂದಿನ ಸಿಟ್ಟಿಂಗ್ ಮಾಡುವಂತಿಲ್ಲ.

ತಪ್ಪುವುದು ಎಲ್ಲೆಲ್ಲಿ? ಕಂದು ಚರ್ಮದಲ್ಲಿ ಮೆಲನಿನ್ ಕೂಡ ಬೆಳಕು ಹೀರುತ್ತದೆ, 532 ಮತ್ತು 755ರಲ್ಲಿ ಹೆಚ್ಚು. ಆಗ ಶಾಯಿಯ ಜೊತೆಗೆ ಚರ್ಮದ ಬಣ್ಣವೂ ಹೋಗಿ, ಅಕ್ಷರದ ಆಕಾರದಲ್ಲೇ ಬಿಳಿಮಚ್ಚೆ ಉಳಿಯುತ್ತದೆ. ಕಪ್ಪಿನಲ್ಲಿ ಓದುತ್ತಿದ್ದ ಹೆಸರನ್ನು ಬಿಳುಪಿನಲ್ಲಿ ಓದಬಹುದು. ಇದನ್ನು ತಪ್ಪಿಸಲು 1064, ಅಗಲವಾದ ಬೆಳಕಿನ ಚುಕ್ಕೆ, ಕಡಿಮೆ ಶಕ್ತಿಯಿಂದ ಆರಂಭ. ಬೇಗ ಮುಗಿಸಿ ಎಂದು ರೋಗಿ ದುಂಬಾಲು ಬಿದ್ದಾಗ ಶಕ್ತಿ ಏರಿಸುವ ಕೈ ಚರ್ಮವನ್ನು ಕೆಡಿಸುತ್ತದೆ. ಎರಡನೆಯದು, ಬಿಳಿ, ಗುಲಾಬಿ, ಮೈಬಣ್ಣದ ಶಾಯಿ. ಇವುಗಳಲ್ಲಿರುವ ಟೈಟಾನಿಯಂ, ಕಬ್ಬಿಣದ ಆಕ್ಸೈಡುಗಳು ಲೇಸರ್ ಬಿದ್ದೊಡನೆ ಕಪ್ಪಾಗುತ್ತವೆ. ಮೂಲೆಯಲ್ಲೊಂದು ಚುಕ್ಕೆ ಹೊಡೆದು ನೋಡಿಯೇ ಮುಂದುವರಿಯಬೇಕು. ಮೂರನೆಯದು, ಕೆಂಪು ಶಾಯಿಗೆ ಅಲರ್ಜಿಯಾಗಿ ದಪ್ಪಗಾದ ಹಚ್ಚೆ. ಅದಕ್ಕೆ ಲೇಸರ್ ಹೊಡೆದರೆ ಒಗ್ಗದ ಕಣ ಮೈಯೆಲ್ಲ ಹರಡಿ ಉಸಿರಿಗೇ ಕುತ್ತು ಬರಬಹುದು. ಅಂಥಲ್ಲಿ ಕತ್ತರಿಸಿ ಹೊಲಿಯುವುದೇ ಸುರಕ್ಷಿತ.

ಹಚ್ಚೆ ತೆಗೆಯುವ ಕ್ರೀಮುಗಳ ಬಗ್ಗೆ ಒಂದೇ ಮಾತು: ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಯಾವೊಂದಕ್ಕೂ ಒಪ್ಪಿಗೆ ಕೊಟ್ಟಿಲ್ಲ. ಅವುಗಳಲ್ಲಿ ಹಲವು ಚರ್ಮ ಸುಡುವ ಆಮ್ಲಗಳು.

ಮುಚ್ಚುವುದು ಗೋಡೆಗೆ ಬಣ್ಣ ಬಳಿದಂತಲ್ಲ

ಕವರಪ್, ಅಂದರೆ ಹಳೆಯ ಹಚ್ಚೆಯನ್ನು ಹೊಸ ಚಿತ್ರದಿಂದ ಮುಚ್ಚುವುದು, ಬೇಗ ಆಗುತ್ತದೆ, ಒಂದೆರಡು ಸಿಟ್ಟಿಂಗ್‌ಗಳಲ್ಲಿ ಮುಗಿಯುತ್ತದೆ, ಚರ್ಮದ ಮೇಲೆ ಮತ್ತೆ ಚೆಲುವಾದ ಏನೋ ಇರುತ್ತದೆ. ಮೇರಿಲ್ಯಾಂಡಿನ ಒಂದು ಅಂಗಡಿ 2017ರಲ್ಲಿ ಗ್ಯಾಂಗ್ ಮತ್ತು ಜನಾಂಗದ್ವೇಷದ ಹಚ್ಚೆಗಳನ್ನು ಪುಕ್ಕಟೆಯಾಗಿ ಮುಚ್ಚಿಕೊಡಲು ಶುರುಮಾಡಿದಾಗ ಜನ ದೂರದೂರದಿಂದ ವಿಚಾರಿಸಿದರು.

ಆದರೆ ಹೊಸ ಶಾಯಿ ಹಳೆಯದರ ‘ಮೇಲೆ’ ಕೂರುವುದಿಲ್ಲ. ಎರಡೂ ಅದೇ ಒಳಪದರದಲ್ಲಿ ಬೆರೆತು ಕೂರುತ್ತವೆ, ನಮ್ಮ ಕಣ್ಣು ಎರಡನ್ನೂ ಕೂಡಿಸಿ ನೋಡುತ್ತದೆ. ಕಪ್ಪಿನ ಮೇಲೆ ಹಳದಿ ಹಾಕಿದರೆ ಹಳದಿ ಕಾಣದು, ಬಿಳಿಯಂತೂ ಕೆಲವೇ ತಿಂಗಳಲ್ಲಿ ಮಾಯ. ಹಾಗಾಗಿ ಹೊಸ ಚಿತ್ರ ಹಳೆಯದಕ್ಕಿಂತ ಎರಡು ಮೂರು ಪಟ್ಟು ದೊಡ್ಡದಾಗಿ, ಇನ್ನೂ ಗಾಢವಾಗಿ ಇರಬೇಕು. ಹಳೆಯ ಗೆರೆಗಳು ಹೊಸ ಚಿತ್ರದ ನೆರಳಿರುವ ಕಡೆ ಬೀಳಬೇಕು, ಎಲೆಯ ಮಡಿಕೆ, ಹಕ್ಕಿಯ ಗರಿ, ಮೀನಿನ ಹುರುಪೆ. ಒಂದು ಹೆಸರನ್ನು ತೆಳುಗೆರೆಯ ಮಲ್ಲಿಗೆಯಿಂದ ಮುಚ್ಚುವುದು ಆಗದ ಮಾತು. ಸೂಜಿ ಆಳವಾಗಿ ಹೋಗಿ ಉಬ್ಬಿದ ಗೆರೆಗಳಿದ್ದರೆ ಬಣ್ಣ ಮುಚ್ಚಿದರೂ ಬೆರಳಿಗೆ ಅಕ್ಷರ ತಾಗುತ್ತಲೇ ಇರುತ್ತದೆ, ಓರೆ ಬೆಳಕಿನಲ್ಲಿ ಕಾಣುತ್ತದೆ ಕೂಡ. ಅನುಭವಿಗಳು ಹೇಳುವ ದಾರಿ ಎರಡನ್ನೂ ಸೇರಿಸುವುದು. ಎರಡು ಮೂರು ಲೇಸರ್ ಸಿಟ್ಟಿಂಗ್‌ನಿಂದ ಹಳೆಯದನ್ನು ಮಾಸಲು ಮಾಡಿ, ಕೊನೆಯ ಸಲದಿಂದ ಎರಡು ಮೂರು ತಿಂಗಳು ಚರ್ಮ ಮಾಗಲು ಬಿಟ್ಟು, ಆಮೇಲೆ ಮುಚ್ಚುವುದು. ಆಗ ಚಿತ್ರದ ಆಯ್ಕೆ ಕಲಾವಿದನ ಕೈಯಿಂದ ಹಚ್ಚೆ ಹೊತ್ತವರ ಕೈಗೆ ಬರುತ್ತದೆ.

ಯಾವುದನ್ನು ಆರಿಸಬೇಕು? ಗುರುತು ಯಾರ ಕಣ್ಣಿಗೆ ಮರೆಯಾಗಬೇಕು ಎಂಬುದರ ಮೇಲೆ ಅದು ನಿಂತಿದೆ. ಕನ್ನಡಿಯ ಮುಂದೆ ನಿಂತಾಗ ತನಗೇ ಕಾಣಬಾರದು ಎಂದಾದರೆ ಕವರಪ್ ಸಾಕು, ಎಷ್ಟೋ ಸಲ ಲೇಸರಿಗಿಂತ ಒಳ್ಳೆಯದು. ಕೆಲಸ ಕೊಡುವವರ ಕಣ್ಣಿಗಾದರೆ ಮುಖ, ಕುತ್ತಿಗೆ, ಕೈಯ ಮೇಲೆ ಲೇಸರೇ ಬೇಕು, ಅಲ್ಲಿ ದೊಡ್ಡ ಚಿತ್ರ ಬಂದರೆ ಅನುಮಾನ ಹೆಚ್ಚುತ್ತದೆ. ಹಚ್ಚೆ ಎಂಬುದನ್ನೇ ಗುರುತು ಮಾಡಿಕೊಂಡ ಪೊಲೀಸರ ಕಣ್ಣಿಗೆ ಕವರಪ್ಪಿನಿಂದ ಏನೂ ಆಗದು. ಮಾಸಲಾದ ಅರ್ಧ ಅಕ್ಷರದಿಂದಲೂ ಆಗದು, ಅಳಿಸಲು ಹೊರಟಿದ್ದಾನೆಂದರೆ ಅಲ್ಲಿ ಏನೋ ಇತ್ತು ಎಂದು ಓದುವವರಿರುತ್ತಾರೆ.

ಬೇರೆಯವರು ಬರೆದದ್ದು

ಇದುವರೆಗೆ ಹೇಳಿದ್ದು ತಾವೇ ಬರೆಸಿಕೊಂಡವರ ಮಾತು. ಬಲವಂತದ ಹಚ್ಚೆಗೆ ನಮ್ಮ ದೇಶದಲ್ಲೇ ಉದ್ದದ ಚರಿತ್ರೆಯಿದೆ. 1797ರಿಂದ ಈಸ್ಟ್ ಇಂಡಿಯಾ ಕಂಪನಿ ಬಂಗಾಳದಲ್ಲಿ ಜೀವಾವಧಿ ಕೈದಿಗಳ ಹಣೆಯ ಮೇಲೆ ಹೆಸರು, ಅಪರಾಧ, ಶಿಕ್ಷೆಯ ವಿವರ ಚುಚ್ಚಿಸುತ್ತಿತ್ತು. ‘ಗೋದ್ನಾ’ ಎಂದೇ ಅದರ ಹೆಸರು. ಮದ್ರಾಸ್ ಪ್ರಾಂತದಲ್ಲೂ ಇದು ನಡೆಯಿತು. 1849ರಲ್ಲಿ ರದ್ದಾಯಿತು. ಹಣೆಬರಹ ಎಂಬ ನಮ್ಮ ಮಾತಿಗೆ ಇದಕ್ಕಿಂತ ಕ್ರೂರವಾದ ಅರ್ಥ ಇನ್ನೊಂದಿರಲಾರದು. 1993ರ ಡಿಸೆಂಬರಿನಲ್ಲಿ ಅಮೃತಸರದ ಪೊಲೀಸರು ನಾಲ್ವರು ಮಹಿಳೆಯರ ಹಣೆಯ ಮೇಲೆ ‘ಜೇಬ್‌ಕತ್ರಿ’, ಎಂದರೆ ಜೇಬುಗಳ್ಳಿ ಎಂದು ಹಚ್ಚೆ ಚುಚ್ಚಿಸಿದರು. ಪಟಿಯಾಲಾದ ಸಿಬಿಐ ನ್ಯಾಯಾಲಯ ಮೂವರು ಪೊಲೀಸರನ್ನು ತಪ್ಪಿತಸ್ಥರೆಂದದ್ದು 2016ರ ಅಕ್ಟೋಬರಿನಲ್ಲಿ. ನಡುವೆ ಹೆಚ್ಚುಕಡಿಮೆ 23 ವರ್ಷ.

ಅಮೆರಿಕದಲ್ಲಿ ಮಾನವ ಕಳ್ಳಸಾಗಣೆಯ ದಲ್ಲಾಳಿಗಳು ಹೆಣ್ಣುಮಕ್ಕಳ ಕುತ್ತಿಗೆ, ಮಣಿಕಟ್ಟು, ತೊಡೆಯ ಮೇಲೆ ತಮ್ಮ ಹೆಸರು, ಕಿರೀಟ, ಬಾರ್‌ಕೋಡ್ ಹಾಕಿಸುವುದುಂಟು, ದನಕ್ಕೆ ಬರೆ ಹಾಕಿದ ಹಾಗೆ. ಇಂಥವರ ಹಚ್ಚೆ ಮುಚ್ಚಿಸಲು ನೆರವಾಗಲೆಂದು ‘ಸರ್ವೈವರ್ಸ್ ಇಂಕ್’ ಎಂಬ ಸಂಸ್ಥೆ ಓಹಾಯೊದ ಕೊಲಂಬಸ್‌ನಲ್ಲಿ ಶುರುವಾಯಿತು. ಅದನ್ನು ಕಟ್ಟಿದ ಜೆನಿಫರ್ ಕೆಂಪ್ಟನ್ ಸ್ವತಃ ಅಂಥ ಗುರುತು ಹೊತ್ತಿದ್ದವರು.

ಇಲ್ಲಿ ತಂತ್ರದಷ್ಟೇ ಮುಖ್ಯವಾದವು ಇನ್ನೆರಡು. ಮೊದಲನೆಯದು, ಹಚ್ಚೆಯೇ ಪುರಾವೆ. ಅಪರಾಧಿಯ ಮೇಲೆ ಪ್ರಕರಣ ನಡೆಯುವುದಾದರೆ ಮೊದಲ ಹೊಡೆತಕ್ಕೂ ಮುಂಚೆ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ದಿನಾಂಕ ಸಹಿತ, ಹತ್ತಿರದಿಂದಲೂ ದೂರದಿಂದಲೂ ಫೋಟೊ ತೆಗೆಯಬೇಕು, ವಕೀಲರನ್ನು ಕೇಳಬೇಕು. ಅವಸರದ ಉಪಕಾರ ಸಾಕ್ಷ್ಯವನ್ನೇ ಸುಡಬಹುದು. ಎರಡನೆಯದು, ಕೋಣೆ. ಮಲಗಿಸಿ, ಕಣ್ಣು ಕಟ್ಟಿ, ಮೈಮುಟ್ಟಿ, ನೋವು ಕೊಡುವ ಕೆಲಸ ಇದು. ಹಿಂಸೆ ಉಂಡವರಿಗೆ ಅದೇ ನೆನಪು ಮರುಕಳಿಸುತ್ತದೆ. ಮುಟ್ಟುವ ಮೊದಲು ಕೇಳುವುದು, ಜೊತೆಗೆ ಯಾರಿರಬೇಕೆಂದು ಅವರೇ ಹೇಳುವುದು, ಕೈ ಎತ್ತಿದರೆ ಆ ಕ್ಷಣವೇ ಯಂತ್ರ ನಿಲ್ಲುವುದು. ಯಂತ್ರದ ಚಟ್ ಸದ್ದನ್ನು ಮೊದಲು ಖಾಲಿ ಗಾಳಿಯಲ್ಲಿ ಕೇಳಿಸಿದರೆ ಬೆಚ್ಚುವುದು ತಪ್ಪುತ್ತದೆ.

ಅಳಿಸಲೇಬೇಕೇ?

ಪೊಲೀಸರ ವಾದದಲ್ಲಿ ಹುರುಳಿಲ್ಲ ಎನ್ನಲಾಗದು. ಎಂಎಸ್-13ರ ಹಳೆಯ ಮುಖದ ಹಚ್ಚೆಗಳು ಸದಸ್ಯತ್ವದ ಘೋಷಣೆಯೇ ಆಗಿದ್ದವು, ಯಾರೂ ಮೋಜಿಗೆ ಹಾಕಿಸಿಕೊಂಡವಲ್ಲ. ಪುನರ್ವಸತಿಯವರು ಹೇಳುವುದು, ಹಚ್ಚೆ ಇರುವವರೆಗೆ ಕೆಲಸವಿಲ್ಲ, ಕೆಲಸವಿಲ್ಲದವನಿಗೆ ಗುಂಪೇ ಗತಿ. ಮೂರನೆಯವರೂ ಇದ್ದಾರೆ. ತೆಗೆಸಿದರೆ ಮಾತ್ರ ಕೆಲಸ, ತೆಗೆಸಿದರೆ ಮಾತ್ರ ಜಾಮೀನು ಎಂಬ ಷರತ್ತು ಬಂದರೆ ಅದೂ ಇನ್ನೊಂದು ಬಲವಂತ ಎಂಬುದು ಅವರ ಆಕ್ಷೇಪ. ಜೊತೆಗೆ ಪ್ರಾಣದ ಪ್ರಶ್ನೆ ಇದೆ: ಅಪ್ಪಣೆಯಿಲ್ಲದೆ ಹಚ್ಚೆ ತೆಗೆಸಿದ್ದನ್ನು ದ್ರೋಹ ಎಂದು ಗುಂಪುಗಳು ಎಣಿಸುತ್ತವೆ. ಮಧ್ಯ ಅಮೆರಿಕದಲ್ಲಿ ಚರ್ಚಿಗೆ ಸೇರಿ ಪೂರ್ತಿ ಬದಲಾದವರನ್ನು ಬಿಟ್ಟುಬಿಡುವುದುಂಟು, ಅದಕ್ಕೆಂದೇ ಹಲವರು ಹಚ್ಚೆಗಿಂತ ಮೊದಲು ಬೈಬಲ್ ಹಿಡಿಯುತ್ತಾರೆ.

ನಮ್ಮ ಲೆಕ್ಕದಲ್ಲಿ ಮೂರನೆಯ ಮಾತಿಗೆ ತೂಕ ಹೆಚ್ಚು. 80 ವಾರ ಬೇಕಾದ ಕೆಲಸವನ್ನು ಷರತ್ತು ಮಾಡಿದರೆ ಆ 80 ವಾರ ಅವನು ಏನು ತಿನ್ನಬೇಕು? ಕೆಲಸ ಮೊದಲು, ಲೇಸರ್ ಜೊತೆಜೊತೆಗೆ ಎಂಬ ಕ್ರಮವೇ ಸರಿ.

ನಮ್ಮ ನೇಮಕಾತಿ ಮೈದಾನದಲ್ಲಿ

ಕರ್ನಾಟಕದಲ್ಲಿ ಇದೇ ಕಾಲದ ಲೆಕ್ಕ ಬೇರೆ ವೇಷದಲ್ಲಿ ಬರುತ್ತದೆ. ಕೊರವಂಜಿಯ ಕೈಯಲ್ಲಿ ದೀಪದ ಮಸಿಯಿಂದ ಚುಚ್ಚಿಸಿಕೊಂಡ ಹಚ್ಚೆ ಸತ್ತ ಮೇಲೂ ಜೊತೆಗೆ ಬರುತ್ತದೆ ಎಂಬ ನಂಬಿಕೆಯ ನಾಡು ನಮ್ಮದು. ಅದೇ ನಾಡಿನ ಹುಡುಗರು ಇಂದು ಸೇನೆಗೆ ಓಡಲು ಅಭ್ಯಾಸ ಮಾಡುತ್ತ, ಹದಿನಾರಕ್ಕೆ ಹಾಕಿಸಿದ ಹೆಸರನ್ನು ತೆಗೆಸಲು ಊರೂರು ಅಲೆಯುತ್ತಾರೆ. ಸೇನೆಯ ನಿಯಮ ಒಪ್ಪುವುದು ಮೊಣಕೈಯಿಂದ ಮಣಿಕಟ್ಟಿನವರೆಗಿನ ಒಳಭಾಗ ಮತ್ತು ಅಂಗೈಯ ಹಿಂಬದಿ ಮಾತ್ರ, ಬುಡಕಟ್ಟಿನವರಿಗೆ ಅವರ ಸಂಪ್ರದಾಯದಂತೆ ವಿನಾಯಿತಿ ಇದೆ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಸೆಲ್ಯೂಟ್ ಹೊಡೆಯದ ಎಡ ಮುಂಗೈಯ ಒಳಭಾಗ ಅಥವಾ ಕೈಯ ಹಿಂಬದಿ, ಅದೂ ಆ ಭಾಗದ ಕಾಲು ಪಾಲಿಗಿಂತ ಚಿಕ್ಕದಿರಬೇಕು.

ಅಧಿಸೂಚನೆ ಬಂದ ಮೇಲೆ ಚರ್ಮತಜ್ಞರ ಬಳಿ ಓಡಿದರೆ ಸಮಯ ಸಾಲದು. ಬಲತೋಳಿನ ಕಪ್ಪು ಹೆಸರಿಗೂ ನಮ್ಮ ಮೈಬಣ್ಣದಲ್ಲಿ ಹತ್ತು ಸಿಟ್ಟಿಂಗ್ ಹಿಡಿಯಬಹುದು, ಎಂದರೆ ಹದಿನಾರು ತಿಂಗಳು. ಆಗ ಕೆಲವರು ಬ್ಯಾಟರಿ ಆಸಿಡ್, ಕಾದ ಕಬ್ಬಿಣಕ್ಕೆ ಕೈಹಾಕುತ್ತಾರೆ. ಸುಟ್ಟ ಗಾಯ ಕೀಲಾಯ್ಡ್ ಆಗಿ ಉಬ್ಬುತ್ತದೆ, ಅಕ್ಷರದ ಚೂರು ಅದರಡಿ ಉಳಿಯುತ್ತದೆ, ವೈದ್ಯಾಧಿಕಾರಿ ಎರಡನ್ನೂ ಬರೆದುಕೊಳ್ಳುತ್ತಾರೆ. ಹದಿನೇಳೂವರೆಗೆ ಸೇನೆಗೆ ಹೋಗಬೇಕೆಂದಿರುವವನು ಹದಿನಾರಕ್ಕೇ ಲೇಸರ್ ಶುರುಮಾಡಿರಬೇಕು. ಲೆಕ್ಕ ಅಷ್ಟು ಸರಳ, ಅಷ್ಟು ನಿಷ್ಠುರ.

ಕಾಗದದಲ್ಲಿ ಇಲ್ಲದ ಸಾಲು

ಆಮೇಲೆ ಕಳಿಸಿದವರೂ ಸೇರಿ ಸೆಕೊಟ್‌ನಲ್ಲಿದ್ದ 252 ವೆನೆಜುವೆಲಾ ಪ್ರಜೆಗಳನ್ನು 2025ರ ಜುಲೈ 18ರಂದು ಕೈದಿಗಳ ವಿನಿಮಯದಲ್ಲಿ ತಾಯ್ನಾಡಿಗೆ ಕಳಿಸಲಾಯಿತು. ಆದರೆ ಹಚ್ಚೆಯನ್ನು ಅಂಕವಾಗಿಸುವ ಪದ್ಧತಿಗೆ ಅದರಿಂದ ತೆರೆ ಬಿದ್ದಿಲ್ಲ. ಇದು ಮುಂದುವರಿದರೆ ಅಳಿಸುವ ಕೇಂದ್ರಗಳ ಕೆಲಸವೂ ಬದಲಾಗುತ್ತದೆ. ಪ್ರತಿ ಸಿಟ್ಟಿಂಗ್‌ನ ದಿನಾಂಕ, ಮೊದಲ ದಿನದ ಫೋಟೊ, ಮಾಸುತ್ತ ಬಂದ ಹಂತಗಳ ಫೋಟೊ, ವೈದ್ಯರ ಸಹಿಯ ಪತ್ರ ಇವೆಲ್ಲ ಕೂಡಿದ ಕಡತವನ್ನು ಹಚ್ಚೆ ತೆಗೆಸುವವರ ಕೈಗೂ ವಕೀಲರ ಕೈಗೂ ಕೊಡಬೇಕಾಗುತ್ತದೆ. ಆದರೆ ಹೊರಬಂದ ಆ ಅಂಕಪಟ್ಟಿಯಲ್ಲಿ ಹಚ್ಚೆಗೆ 4 ಕೂಡಿಸುವ ಸಾಲಿದೆ. ಹನ್ನೊಂದರಲ್ಲಿ ಆರು ಸಿಟ್ಟಿಂಗ್ ಮುಗಿಸಿ, ಅಕ್ಷರ ಅರ್ಧ ಮಾಸಿದವನಿಗೆ ಒಂದಾದರೂ ಅಂಕ ಕಳೆಯುವ ಸಾಲಿಲ್ಲ.